ಹಂದಿಗೆ ಎದೆ ಉರಿದರೆ ಹೇಳುವವರು ಯಾರು?

ನಮ್ಮ ಬೆಂಗಳೂರಲ್ಲಿ "ಗ್ಯಾಸ್ಟ್ರಿಕ್" ಅನ್ನೋದು ಒಂದು ಕಾಯಿಲೆಯ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ "ಜಠರಕ್ಕೆ ಸಂಬಂಧಿಸಿದ್ದು" ಎಂದಷ್ಟೇ ಅರ್ಥ. ಆದರೆ ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ತಿರದ ಯಾವ ಮೆಡಿಕಲ್ ಶಾಪಿಗಾದರೂ ಹೋಗಿ "ಗ್ಯಾಸ್ಟ್ರಿಕ್‌ಗೆ ಕೊಡಿ" ಅನ್ನಿ, ಮರುಮಾತಿಲ್ಲದೆ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೈಗೆ ಬರುತ್ತೆ. ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿ ಕೆ.ಆರ್. ಪುರದ ಮನೆ ಸೇರುವಾಗ ರಾತ್ರಿ ಹತ್ತೂವರೆ, ಹೊಟ್ಟೆ ತುಂಬಾ ತಿಂದು ಹಾಗೇ ಮಲಗೋದು, ಮಧ್ಯರಾತ್ರಿ ಹುಳಿ ನೀರು ಗಂಟಲಿಗೆ ಬಂದು ಎದ್ದು ಕೂರೋದು. ಇದು ಎಷ್ಟೋ ಮನೆಗಳ ಕಥೆ. ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸಂಘದ ಕಾರ್ಯಪಡೆ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 7.6 ಮಂದಿಗೆ ಈ ಆಮ್ಲ ಹಿಮ್ಮುಖ ಹರಿವಿನ ತೊಂದರೆ ಕಂಡಿತ್ತು.

ಹಲಸೂರಿನಲ್ಲಿರುವ ನಮ್ಮ ದೊಡ್ಡಪ್ಪ ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾರೆ. ಅವರಿಗೆ ಯಾರೋ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದ್ದರು: ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಬಾಯಿಯಿಂದಲೇ ಟ್ಯೂಬ್ ಇಳಿಸಿ ಒಂದು ಗಂಟೆಯಲ್ಲಿ ಶಾಶ್ವತ ಪರಿಹಾರ, ಪ್ರಾಣಿಗಳ ಮೇಲೆ ಯಶಸ್ವಿಯಾಗಿ ಪರೀಕ್ಷಿಸಲಾಗಿದೆ. "ನೀನು ಬಯೋಮೆಡಿಕಲ್ ಓದ್ತಿದ್ದೀಯಲ್ಲ, ನಂಬಬಹುದೇನಪ್ಪ?" ಅಂತ ಕೇಳಿದರು. ಆ ಸಂದೇಶದ ಕೊನೆಯ ನಾಲ್ಕು ಪದಗಳಿಗೆ ಏನು ಅರ್ಥ ಅನ್ನೋದೇ ಈ ಲೇಖನದ ವಿಷಯ. ಯಾವ ಪ್ರಾಣಿ? ಏನನ್ನು ಅಳೆದರು? ಯಶಸ್ಸು ಅಂದ್ರೆ ಏನು? ನಮ್ಮಲ್ಲಿ ಬಹಳ ಜನ ಮುಂದೆ ವೈಟ್‌ಫೀಲ್ಡ್ ಕಡೆಯ ಯಾವುದೋ ಮೆಡಿಕಲ್ ಡಿವೈಸ್ ಕಂಪನಿಯಲ್ಲಿ ಕೂತು ಇಂಥ ವರದಿಗಳನ್ನೇ ಓದಬೇಕಾದವರು. ಆದ್ದರಿಂದ ಸ್ವಲ್ಪ ಆಳಕ್ಕೇ ಹೋಗೋಣ.

ತೂಬು, ಏರಿ, ನೀರಗಂಟಿ

ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ವೈದ್ಯರು ಇದನ್ನು ಎಲ್‌ಇಎಸ್ ಅನ್ನುತ್ತಾರೆ, ಕೆಳಗಿನ ಸ್ಪಿಂಕ್ಟರ್. ನಾವು ನುಂಗುವಾಗ ಅದು ಸಡಿಲಾಗುತ್ತೆ, ಉಳಿದ ಹೊತ್ತು ಬಿಗಿಯಾಗಿರುತ್ತೆ. ಆರೋಗ್ಯವಂತರಲ್ಲಿ ಈ ಬಿಗಿತ ಜಠರದ ಒತ್ತಡಕ್ಕಿಂತ ಸುಮಾರು 10ರಿಂದ 30 ಎಂಎಂ ಪಾದರಸದಷ್ಟು ಹೆಚ್ಚು. ಇದರ ಜೊತೆಗೆ ಹೊರಗಿನಿಂದ ವಪೆಯ ಸ್ನಾಯು ಹಿಂಡುತ್ತೆ. ಒಳಗೆ, ಅನ್ನನಾಳ ಜಠರಕ್ಕೆ ಓರೆಯಾಗಿ ಸೇರುವುದರಿಂದ ಲೋಳೆಪೊರೆಯ ಒಂದು ಮಡಿಕೆ ಕವಾಟದ ಹಾಗೆ ಮುಚ್ಚಿಕೊಳ್ಳುತ್ತೆ. ಹೀಗೆ ಮೂರು ಪದರದ ತಡೆ.

ಇದನ್ನು ಕೆರೆಗೆ ಹೋಲಿಸಿದರೆ ಸುಲಭ. ಹಲಸೂರು ಕೆರೆ ಈಗ ದೋಣಿ ವಿಹಾರದ ಕೆರೆ. ಆದರೆ ನೀರಾವರಿಗೆ ಕಟ್ಟಿದ ಯಾವ ಹಳೆ ಕೆರೆಯನ್ನೇ ತಗೊಳ್ಳಿ, ನೀರು ಹೊರಗೆ ಹೋಗೋಕೆ ಎರಡು ದಾರಿ. ಕೆರೆ ತುಂಬಿ ಮಟ್ಟ ಮೀರಿದರೆ ಕೋಡಿ ಬೀಳುತ್ತೆ. ಇಲ್ಲವೇ ನೀರಗಂಟಿ ಬಂದು ತೂಬು ಎತ್ತಬೇಕು. ಆಮ್ಲ ಮೇಲೆ ಬರುವುದೂ ಇದೇ ಎರಡು ರೀತಿಯಲ್ಲಿ. ಒಂದು, ತಡೆಯೇ ದುರ್ಬಲವಾಗಿ, ಅಂದ್ರೆ ಕೋಡಿಯ ಮಟ್ಟ ತಗ್ಗಿಹೋಗಿ, ಸ್ವಲ್ಪ ತುಂಬಿದರೂ ಹೊರಗೆ ಹರಿಯುವುದು. ಇನ್ನೊಂದು, ತಡೆ ಗಟ್ಟಿಯಾಗೇ ಇದ್ದು ನೀರಗಂಟಿ ಹೊತ್ತಲ್ಲದ ಹೊತ್ತಲ್ಲಿ ತೂಬು ಎತ್ತುವುದು.

ಈ ಎರಡನೆಯದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಆಸ್ಟ್ರೇಲಿಯಾದ ಜಾನ್ ಡೆಂಟ್ 1976ರಲ್ಲಿ ಸ್ಪಿಂಕ್ಟರಿನ ಒತ್ತಡವನ್ನು ಗಂಟೆಗಟ್ಟಲೆ ನಿರಂತರವಾಗಿ ಅಳೆಯುವ ಒಂದು ಸ್ಲೀವ್ ಸೆನ್ಸರ್ ಪ್ರಕಟಿಸಿದರು. ಅದಕ್ಕೂ ಮುಂಚೆ ಸೆನ್ಸರ್ ಸ್ವಲ್ಪ ಜರುಗಿದರೂ ಅಳತೆ ತಪ್ಪುತ್ತಿತ್ತು. ಉಪಕರಣ ಸರಿಹೋದ ಮೇಲೆ, 1980ರಲ್ಲಿ, ಡೆಂಟ್ ಮತ್ತು ಸಂಗಡಿಗರು ತೋರಿಸಿದ್ದು: ಬಹುಪಾಲು ಹಿಮ್ಮುಖ ಹರಿವು ಆಗುವುದು ಸ್ಪಿಂಕ್ಟರ್ ದುರ್ಬಲವಾಗಿದ್ದಕ್ಕಲ್ಲ, ನುಂಗದೇ ಇದ್ದಾಗಲೂ ಅದು ಕೆಲವು ಸೆಕೆಂಡು ತಾನಾಗಿ ಸಡಿಲಾಗುವುದರಿಂದ. ಜಠರ ಗಾಳಿಯಿಂದ ಉಬ್ಬಿದಾಗ ವೇಗಸ್ ನರದ ಮೂಲಕ ಮಿದುಳಿನ ಕಾಂಡಕ್ಕೆ ಸುದ್ದಿ ಹೋಗುತ್ತೆ, ಅಲ್ಲಿಂದ "ಬಿಡು" ಎಂಬ ಆಜ್ಞೆ ಬರುತ್ತೆ. ತೇಗು ಬರುವುದು ಹೀಗೇ. ಅದರ ಜೊತೆ ಆಮ್ಲವೂ ಬಂದರೆ ಎದೆ ಉರಿ. (ಸೆನ್ಸರ್ ಸುಧಾರಿಸಿದ್ದರಿಂದ ರೋಗದ ವಿವರಣೆಯೇ ಬದಲಾದ ಈ ಪ್ರಸಂಗ ಇನ್‌ಸ್ಟ್ರುಮೆಂಟೇಶನ್ ಮಿತ್ರರಿಗೆ ಅರ್ಪಣೆ.)

ಕೋಡಿ ಮತ್ತು ನೀರಗಂಟಿ, ಈ ಎರಡನ್ನೂ ನೆನಪಲ್ಲಿಡಿ. ಮುಂದಿನ ಕಥೆಯೆಲ್ಲ ಇವೆರಡರ ಮೇಲೇ ನಿಂತಿದೆ.

ಮಾತ್ರೆಯಿಂದ ಟ್ಯೂಬಿನವರೆಗೆ

ಮಾತ್ರೆಗಳು ಆಮ್ಲದ ಉತ್ಪಾದನೆಯನ್ನು ಕಡಿಮೆ ಮಾಡುತ್ತವೆಯೇ ಹೊರತು ಹರಿವನ್ನು ನಿಲ್ಲಿಸುವುದಿಲ್ಲ. ತಡೆಯನ್ನೇ ಸರಿಮಾಡುವ ಶಸ್ತ್ರಚಿಕಿತ್ಸೆಯನ್ನು ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದರು. ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಮಫ್ಲರ್ ತರಹ ಸುತ್ತಿ ಹೊಲಿಯುವುದು. 1991ರಿಂದ ಇದನ್ನು ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಕೆಲವರಿಗೆ ನುಂಗೋಕೆ ಕಷ್ಟ, ತೇಗು ಬರದೆ ಹೊಟ್ಟೆ ಉಬ್ಬರ. ದಿನಾ ಮಾತ್ರೆಗೂ ಈ ಆಪರೇಷನ್‌ಗೂ ನಡುವೆ ಒಂದು ಖಾಲಿ ಜಾಗ ಇತ್ತು. 2000ನೇ ಇಸವಿಯ ಆಸುಪಾಸಿನಲ್ಲಿ ಆ ಜಾಗಕ್ಕೆ ಕಂಪನಿಗಳು ನುಗ್ಗಿದವು.

ಅಮೆರಿಕದ ಎಫ್‌ಡಿಎ 2000ದಲ್ಲಿ ಎರಡು ಸಾಧನಗಳಿಗೆ ಅನುಮತಿ ಕೊಟ್ಟಿತು. ಎಂಡೋಸಿಂಚ್ ಎಂಬುದು ಎಂಡೋಸ್ಕೋಪಿನ ತುದಿಯ ಪುಟ್ಟ ಹೊಲಿಗೆ ಯಂತ್ರ. ಸ್ಟ್ರೆಟ್ಟಾ ಎಂಬುದು ಬಲೂನಿನ ಸುತ್ತ ನಾಲ್ಕು ಸೂಜಿಗಳಿದ್ದು, ರೇಡಿಯೋ ಫ್ರೀಕ್ವೆನ್ಸಿ ಶಕ್ತಿಯಿಂದ ಸ್ನಾಯುವನ್ನು ಸುಮಾರು 85 ಡಿಗ್ರಿಗೆ ಕಾಯಿಸುವ ಸಾಧನ. ಒಳಗಿನ ಲೋಳೆಪೊರೆ ಸುಡದ ಹಾಗೆ ಅದೇ ಹೊತ್ತಿಗೆ ನೀರು ಹರಿಸಿ ತಂಪು ಮಾಡುತ್ತದೆ. 2003ರಲ್ಲಿ ಎಂಟೆರಿಕ್ಸ್ ಬಂತು, ಸೂಜಿಯಿಂದ ಸ್ನಾಯುವಿನೊಳಗೆ ಚುಚ್ಚಿದರೆ ಸ್ಪಂಜಿನ ಹಾಗೆ ಗಟ್ಟಿಯಾಗುವ ಪಾಲಿಮರ್ ದ್ರಾವಣ. ಇವೆಲ್ಲ ಮನುಷ್ಯರಿಗೆ ಬರುವ ಮುಂಚೆ ಹಂದಿಗಳ ಮೇಲೆ ಪ್ರಯೋಗವಾಗಿದ್ದವು.

ಯಾಕೆ ಹಂದಿಯೇ?

ಇಲಿ ಅಗ್ಗ, ಸಣ್ಣದು, ಸಾಕೋದು ಸುಲಭ. ಆದರೆ ಇಲಿಗೆ ವಾಂತಿಯೇ ಬರುವುದಿಲ್ಲ. ಅದರ ಜಠರದಲ್ಲಿ ಆಮ್ಲ ಸ್ರವಿಸದ ಒಂದು ಮುಂಭಾಗ ಇದೆ, ಅನ್ನನಾಳದ ಒಳಪದರ ನಮ್ಮ ಅಂಗೈ ಚರ್ಮದಂತೆ ಕೆರಾಟಿನ್‌ನಿಂದ ಗಟ್ಟಿಯಾಗಿದೆ. ಅದಕ್ಕೆ ಅನ್ನನಾಳದ ಹುಣ್ಣು ತರಿಸಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿ ಜಠರದ ಹೊರದಾರಿಯನ್ನು ಕಿರಿದಾಗಿಸಬೇಕು. ಔಷಧಿ ಪರೀಕ್ಷೆಗೆ, ಲೋಳೆಪೊರೆ ಹೇಗೆ ಹಾಳಾಗುತ್ತೆ ಅಂತ ನೋಡೋಕೆ ಇಲಿ ಸಾಕು. ಆದರೆ ಮನುಷ್ಯರಿಗೆ ಬಳಸುವ, ಒಂದು ಸೆಂಟಿಮೀಟರಿನಷ್ಟು ದಪ್ಪದ ಎಂಡೋಸ್ಕೋಪು ಇಲಿಯ ಗಂಟಲಲ್ಲಿ ಇಳಿಯೋದು ಹೇಗೆ?

ನಾಯಿಯ ಗಾತ್ರ ಸರಿ. ಆದರೆ ನಾಯಿಯ ಅನ್ನನಾಳದ ಸ್ನಾಯು ಉದ್ದಕ್ಕೂ ಕೈಕಾಲಿನ ಸ್ನಾಯುವಿನ ಜಾತಿಯದು. ಮನುಷ್ಯರಲ್ಲಿ ಮೇಲಿನ ಭಾಗ ಮಾತ್ರ ಹಾಗೆ, ಕೆಳಗಿನದು ಕರುಳಿನಲ್ಲಿರುವಂಥ ನಯ ಸ್ನಾಯು. ಈ ವಿಷಯದಲ್ಲಿ ನಮಗೆ ಹತ್ತಿರದ ಪ್ರಾಣಿ ಅಮೆರಿಕದ ಒಪೋಸಮ್, ಕಾಂಗರೂ ತರಹ ಹೊಟ್ಟೆಚೀಲ ಇರುವ ಒಂದು ಸಣ್ಣ ಪ್ರಾಣಿ. ಸ್ಪಿಂಕ್ಟರಿನ ನರವಿಜ್ಞಾನವನ್ನು ಬಹುಪಾಲು ಅದರಲ್ಲೇ ಕಲಿತರು.

ಹಂದಿ ನಮ್ಮಂತೆ ಎಲ್ಲವನ್ನೂ ತಿನ್ನುವ ಪ್ರಾಣಿ, ಜಠರಕ್ಕೆ ಒಂದೇ ಕೋಣೆ. 40–50 ಕಿಲೋ ಹಂದಿಗೆ ಮನುಷ್ಯರ ಎಂಡೋಸ್ಕೋಪ್ ಸಲೀಸಾಗಿ ಹೋಗುತ್ತೆ. ಅನ್ನನಾಳದ ತುದಿಯಲ್ಲಿ ನಯ ಸ್ನಾಯು ಸಿಗುತ್ತೆ. ಆದರೆ ವ್ಯತ್ಯಾಸಗಳೂ ಇವೆ. ಅದು ನಾಲ್ಕು ಕಾಲಿನ ಮೇಲೆ ನಿಂತಿರುವುದರಿಂದ ಅನ್ನನಾಳ ಅಡ್ಡ ಮಲಗಿರುತ್ತೆ. ಜಠರದ ಬಾಯಿಯ ಹತ್ತಿರ ನಮಗಿಲ್ಲದ ಒಂದು ಪುಟ್ಟ ಚೀಲ ಇದೆ. ಇನ್ನೊಂದು ಎಂಜಿನಿಯರಿಂಗ್ ತೊಡಕು: ಮಾಂಸದ ತಳಿಯ ಹಂದಿ ಕೆಲವೇ ತಿಂಗಳಲ್ಲಿ ಎರಡರಷ್ಟು ಬೆಳೆಯುತ್ತೆ. ಇವತ್ತು ಸರಿಯಾಗಿ ಕೂತ ಉಂಗುರ ಆರು ತಿಂಗಳಿಗೆ ಕುತ್ತಿಗೆ ಹಿಸುಕುವ ಹಾಗಾಗಬಹುದು. ತಪ್ಪು ಉಂಗುರದ್ದೋ ಹಂದಿಯ ಬೆಳವಣಿಗೆಯದೋ ಹೇಳೋದು ಹೇಗೆ? ಅದಕ್ಕೇ ದೀರ್ಘಕಾಲದ ಪರೀಕ್ಷೆಗೆ ಯುಕಾಟನ್ ಥರದ ಮಿನಿ ಹಂದಿಗಳನ್ನು ಬಳಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ದೊಡ್ಡ ಸಮಸ್ಯೆ ಉಳಿಯುತ್ತೆ. ಈ ಹಂದಿಗಳಿಗೆ ನಮ್ಮ ಕಾಯಿಲೆಯೇ ಇಲ್ಲ! ಆರೋಗ್ಯವಾಗಿರುವ ಸ್ಪಿಂಕ್ಟರನ್ನು ರಿಪೇರಿ ಮಾಡಿ "ಸುಧಾರಿಸಿತು" ಅನ್ನೋಕಾಗಲ್ಲ. ಸ್ಟ್ರೆಟ್ಟಾ ತಂಡದ ಡೇವಿಡ್ ಅಟ್ಲಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಹಂದಿಯ ಸ್ಪಿಂಕ್ಟರಿಗೆ ಬೊಟ್ಯುಲಿನಮ್ ಟಾಕ್ಸಿನ್ ಚುಚ್ಚಿದರು. ಸಿನಿಮಾ ನಟರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಅದೇ ಬೊಟಾಕ್ಸ್. ಸ್ನಾಯು ಸಡಿಲವಾಯಿತು, ರೋಗಿ ತಯಾರಾಯಿತು. ಆಮೇಲೆ ಸ್ಟ್ರೆಟ್ಟಾ ಮಾಡಿ ಅಳೆದರು.

ಯೀಲ್ಡ್ ಒತ್ತಡ ಅಂದ್ರೆ ಕೋಡಿ ಬೀಳುವ ಮಟ್ಟ

ಅಳೆದದ್ದು ಏನು? "ಗ್ಯಾಸ್ಟ್ರಿಕ್ ಯೀಲ್ಡ್ ಪ್ರೆಶರ್." ಪ್ರಾಣಿಗೆ ಅರಿವಳಿಕೆ ಕೊಟ್ಟು ಜಠರಕ್ಕೆ ನೀರನ್ನೋ ಗಾಳಿಯನ್ನೋ ನಿಧಾನವಾಗಿ ತುಂಬುತ್ತಾ ಹೋಗುವುದು. ಒಂದು ಒತ್ತಡದಲ್ಲಿ ತಡೆ ಸೋತು ಒಳಗಿನದು ಅನ್ನನಾಳಕ್ಕೆ ಹರಿಯುತ್ತೆ. ಆ ಕ್ಷಣದ ಒತ್ತಡವೇ ಯೀಲ್ಡ್ ಒತ್ತಡ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಹೆಸರೇ ಪರಿಚಿತ. ಚಿಕಿತ್ಸೆ ಪಡೆದ ಹಂದಿಗಳಲ್ಲಿ ಇದು ಹೆಚ್ಚಾಗಿತ್ತು. ಎಂಟೆರಿಕ್ಸನ್ನು ಮಿನಿ ಹಂದಿಗಳಲ್ಲಿ ಪರೀಕ್ಷಿಸಿದಾಗಲೂ ಇದೇ ಬಗೆಯ ಅಳತೆ, ಇದೇ ದಿಕ್ಕಿನ ಫಲಿತಾಂಶ.

ಈ ಅಳತೆ ಸುಳ್ಳಲ್ಲ. ಯಂತ್ರವಿಜ್ಞಾನದ ದೃಷ್ಟಿಯಿಂದ ಚೊಕ್ಕವಾಗಿದೆ, ಮತ್ತೆ ಮತ್ತೆ ಮಾಡಬಹುದು, ಅಂಕಿ ಸಿಗುತ್ತೆ. ಆದರೆ ಇದು ಯಾವ ಪ್ರಶ್ನೆಗೆ ಉತ್ತರ ಅಂತ ನೋಡಿ. ಕೋಡಿಯ ಮಟ್ಟ ಎತ್ತರವಾಯಿತೇ ಎಂಬ ಪ್ರಶ್ನೆಗೆ ಮಾತ್ರ. ಅರಿವಳಿಕೆಯಲ್ಲಿರುವ ಪ್ರಾಣಿಯಲ್ಲಿ ಆ ತಾನಾಗಿ ಸಡಿಲಾಗುವ ಪ್ರತಿಕ್ರಿಯೆ ಅಡಗಿಹೋಗುತ್ತೆ. ಅಂದ್ರೆ ನೀರಗಂಟಿಯನ್ನು ಮಲಗಿಸಿ ಕೆರೆ ಪರೀಕ್ಷೆ ಮಾಡಿದ ಹಾಗಾಯ್ತು. ಬಹುಪಾಲು ಹಿಮ್ಮುಖ ಹರಿವು ಅವನ ಕೈಯಿಂದಲೇ ಆಗುತ್ತಿದ್ದರೆ, ಈ ಪರೀಕ್ಷೆಯ ಯಶಸ್ಸು ರೋಗಿಗೆ ಎಷ್ಟು ದಕ್ಕುತ್ತೆ?

ಈ ಕೊರತೆ ತುಂಬಿದ್ದು ಹಂದಿಯಲ್ಲ, ನಾಯಿ. ಹಾಲೋವೇ, ಡೆಂಟ್ ಮತ್ತಿತರರು ಎಚ್ಚರವಿರುವ, ತರಬೇತಿ ಪಡೆದ ನಾಯಿಗಳಲ್ಲಿ ಜಠರಕ್ಕೆ ಗಾಳಿ ತುಂಬಿ ಸಡಿಲಾಗುವ ಪ್ರತಿಕ್ರಿಯೆಯನ್ನೇ ಎಣಿಸುವ ವಿಧಾನ ಬಳಸುತ್ತಿದ್ದರು. ರೇಡಿಯೋ ಫ್ರೀಕ್ವೆನ್ಸಿ ಕೊಟ್ಟ ಮೇಲೆ ಆ ಪ್ರತಿಕ್ರಿಯೆ ಕಡಿಮೆಯಾಯಿತು ಎಂದು 2003ರಲ್ಲಿ ವರದಿಯಾಯಿತು. ಸ್ನಾಯುವಿನ ಜಾತಿ ನೋಡಿದರೆ ನಾಯಿ ಕೆಟ್ಟ ಮಾದರಿ. ಪ್ರತಿಕ್ರಿಯೆ ನೋಡಿದರೆ ಒಳ್ಳೇ ಮಾದರಿ. ಆದ್ದರಿಂದ "ಯಾವ ಪ್ರಾಣಿ ಉತ್ತಮ" ಎಂಬ ಪ್ರಶ್ನೆಯೇ ಅರ್ಧ. ಯಾವ ಪ್ರಶ್ನೆಗೆ ಉತ್ತಮ ಅನ್ನೋದು ಪೂರ್ತಿ ಪ್ರಶ್ನೆ. ಇನ್ನೂ ಒಂದು ಗಮನಿಸಿ: ಸಾಧನ ಮಾರುಕಟ್ಟೆಗೆ ಬಂದದ್ದು 2000ದಲ್ಲಿ, ಅದು ಹೇಗೆ ಕೆಲಸ ಮಾಡಬಹುದು ಎಂಬ ಈ ವಿವರಣೆ ಬಂದದ್ದು ಮೂರು ವರ್ಷದ ನಂತರ.

ಎಂಟೆರಿಕ್ಸ್: ಹನ್ನೆರಡು ಹಂದಿಗಳ ಗಣಿತ

ಎಂಟೆರಿಕ್ಸಿನ ಕಥೆ ಎಲ್ಲ ಡಿವೈಸ್ ಎಂಜಿನಿಯರೂ ಓದಬೇಕಾದದ್ದು. ಎಥಿಲೀನ್ ವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಎಕ್ಸ್-ರೇಯಲ್ಲಿ ಕಾಣಲಿ ಅಂತ ಟ್ಯಾಂಟಲಮ್ ಪುಡಿ ಬೆರೆಸಿದ್ದರು. ಅಂಗಾಂಶದೊಳಗೆ ಹೋದೊಡನೆ ದ್ರಾವಕ ಹರಡಿಹೋಗಿ ಪಾಲಿಮರ್ ಗಟ್ಟಿಯಾಗುತ್ತೆ. ಒಮ್ಮೆ ಹಾಕಿದ್ದನ್ನು ಹೊರತೆಗೆಯೋ ಹಾಗಿಲ್ಲ. ಅನ್ನನಾಳದ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಗೋಡೆ ದಾಟಿ ಎದೆಗೂಡಿನ ಒಳಕ್ಕೆ ಬಂತು. ಪಕ್ಕದಲ್ಲೇ ಮಹಾಪಧಮನಿ.

2005ರ ಸೆಪ್ಟೆಂಬರ್‌ನಲ್ಲಿ ಕಂಪನಿ ಎಂಟೆರಿಕ್ಸನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ದ್ರಾವಣ ಗೋಡೆಯಾಚೆ ಹೋಗಿ ಗಂಭೀರ ತೊಂದರೆಗಳಾಗಿದ್ದವು, ಸಾವೂ ಸಂಭವಿಸಿತ್ತು. ಎಫ್‌ಡಿಎ ಎಚ್ಚರಿಕೆ ಹೊರಡಿಸಿತು.

ಹಂದಿಗಳಲ್ಲಿ ಇದು ಯಾಕೆ ಕಾಣಲಿಲ್ಲ? ಹಂದಿ ಮೋಸ ಮಾಡಿತು ಅಂತ ನನಗೆ ಅನ್ನಿಸೋದಿಲ್ಲ. ಲೆಕ್ಕ ಮಾಡಿ ನೋಡಿ. ಸಂಖ್ಯಾಶಾಸ್ತ್ರದಲ್ಲಿ "ಮೂರರ ಸೂತ್ರ" ಅಂತ ಒಂದಿದೆ. n ಪ್ರಯೋಗಗಳಲ್ಲಿ ಒಂದೂ ಅನಾಹುತ ಆಗದಿದ್ದರೆ, ನಿಜವಾದ ಅನಾಹುತದ ಪ್ರಮಾಣ ಶೇ. 95 ವಿಶ್ವಾಸದಲ್ಲಿ 3/n ಒಳಗಿದೆ ಎಂದಷ್ಟೇ ಹೇಳಬಹುದು. ಹನ್ನೆರಡು ಹಂದಿಗಳಲ್ಲಿ ಸೊನ್ನೆ ಅನಾಹುತ ಅಂದ್ರೆ? 3/12, ಅಂದರೆ ಶೇ. 25. ನಾಲ್ಕರಲ್ಲೊಬ್ಬರಿಗೆ ತೊಂದರೆ ಆಗುವ ಸಾಧನವೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು! ಅಪಾಯ ಶೇ. 1ಕ್ಕಿಂತ ಕಡಿಮೆ ಅಂತ ತೋರಿಸೋಕೆ 300 ಪ್ರಾಣಿ ಬೇಕು. ಅಷ್ಟನ್ನು ಯಾರೂ ಕೊಲ್ಲುವುದಿಲ್ಲ, ಕೊಲ್ಲಲೂಬಾರದು. ಅದರ ಮೇಲೆ, ಲ್ಯಾಬಿನಲ್ಲಿ ಸೂಜಿ ಹಿಡಿಯುವವರು ಆ ಸಾಧನವನ್ನು ಕಂಡುಹಿಡಿದ ಪರಿಣತರು. ಮಾರುಕಟ್ಟೆಯಲ್ಲಿ ಹಿಡಿಯುವವರು ಶನಿವಾರದ ತರಬೇತಿ ಶಿಬಿರದಿಂದ ಬಂದವರು. "ಪ್ರಾಣಿಗಳಲ್ಲಿ ಸುರಕ್ಷಿತ" ಎಂಬ ಮಾತಿನ ಪಕ್ಕ ಯಾವಾಗಲೂ ಆ n ಹುಡುಕಿ.

ಹಂದಿ ಹೇಳಲಾಗದ ಮಾತು

ಎದೆ ಉರಿ ಒಂದು ಅನುಭವ. ಹಂದಿಗೆ ಎದೆ ಉರಿದರೆ ಅದು ಬಂದು ಹೇಳುವುದಿಲ್ಲ, ಚಿಕಿತ್ಸೆಯ ನಂತರ ಕಡಿಮೆಯಾದರೂ ಹೇಳುವುದಿಲ್ಲ. ಅಷ್ಟೇ ಮುಖ್ಯವಾದ್ದು, ತನಗೆ ಚಿಕಿತ್ಸೆ ಆಯ್ತು ಅನ್ನೋ ಸಮಾಧಾನದಿಂದ ಹಂದಿಗೆ ವಾಸಿಯೂ ಆಗುವುದಿಲ್ಲ. ಮನುಷ್ಯರಿಗೆ ಆಗುತ್ತೆ.

ಇದನ್ನು ಬಿಡಿಸಿ ನೋಡೋಕೆ ಒಂದೇ ದಾರಿ, ಹುಸಿ ಚಿಕಿತ್ಸೆ. ಅರ್ಧ ಜನರಿಗೆ ನಿಜವಾದದ್ದು, ಉಳಿದವರಿಗೆ ಟ್ಯೂಬ್ ಇಳಿಸಿ, ಬಲೂನ್ ಉಬ್ಬಿಸಿ, ಶಕ್ತಿ ಮಾತ್ರ ಹಾಯಿಸದೆ ವಾಪಸ್. ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿಲ್ಲ. ಡಗ್ಲಸ್ ಕಾರ್ಲಿ ತಂಡ ಸ್ಟ್ರೆಟ್ಟಾವನ್ನು 64 ಜನರಲ್ಲಿ ಹೀಗೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿತು. ಆರು ತಿಂಗಳ ನಂತರ ದಿನನಿತ್ಯದ ಎದೆ ಉರಿ ಇಲ್ಲದವರು ನಿಜ ಚಿಕಿತ್ಸೆಯಲ್ಲಿ ಶೇ. 61, ಹುಸಿ ಚಿಕಿತ್ಸೆಯಲ್ಲಿ ಶೇ. 33. ಏನೂ ಮಾಡಿಸಿಕೊಳ್ಳದೇ ಮೂರರಲ್ಲೊಬ್ಬರಿಗೆ ಆರಾಮ! ನಿಜ ಚಿಕಿತ್ಸೆ ಅದಕ್ಕಿಂತ ಮುಂದಿದೆ, ಸರಿ. ಆದರೆ ಅನ್ನನಾಳದೊಳಗೆ ಆಮ್ಲ ಇರುವ ಹೊತ್ತನ್ನು ಅಳೆದಾಗ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಔಷಧಿ ಬಳಕೆಯಲ್ಲೂ ಇರಲಿಲ್ಲ. ಹಂದಿಯಲ್ಲಿ ಎತ್ತರವಾದ ಕೋಡಿ ಮನುಷ್ಯನಲ್ಲಿ ನೀರು ತಡೆಯಲಿಲ್ಲ, ಆದರೂ ಕೆಲವರಿಗೆ ಉರಿ ಕಡಿಮೆಯಾಯಿತು. ನರಗಳ ಸಂವೇದನೆ ಕುಗ್ಗಿತೇ ಎಂಬ ಚರ್ಚೆ ಆಮೇಲೆ ಬಹಳ ನಡೆಯಿತು. ಉರಿ ಹೋಗಿ ಆಮ್ಲ ಉಳಿಯುವುದು ಒಳ್ಳೆಯದೋ ಕೆಟ್ಟದ್ದೋ? ಅನ್ನನಾಳದ ಹಾನಿ ಮುಂದುವರಿಯುತ್ತಾ ಎಚ್ಚರಿಕೆಯ ಗಂಟೆ ಮಾತ್ರ ನಿಂತಿದ್ದರೆ ನನಗಂತೂ ಭಯವೇ. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಕಾಲೇಜಿನ 2022ರ ಮಾರ್ಗಸೂಚಿ, ಸ್ಟ್ರೆಟ್ಟಾದ ದತ್ತಾಂಶ ಒಂದಕ್ಕೊಂದು ತಾಳೆಯಾಗುವುದಿಲ್ಲವಾದ್ದರಿಂದ ಶಿಫಾರಸು ಮಾಡಲಾಗದು ಎಂದಿತು.

ಎಲ್ಲವೂ ಹೀಗೇ ಆಗಲಿಲ್ಲ. ಬಾಯಿಯಿಂದಲೇ ಹೋಗಿ ಮಡಿಕೆ ಕವಾಟವನ್ನು ಮತ್ತೆ ಕಟ್ಟುವ ಟಿಐಎಫ್ ಎಂಬ ವಿಧಾನವನ್ನು 129 ಜನರಲ್ಲಿ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದ ವರದಿ 2015ರಲ್ಲಿ ಬಂತು. ಹುಳಿ ಗಂಟಲಿಗೆ ಬರುವ ತೊಂದರೆ ಹೋದವರು ಶೇ. 67, ಹುಸಿ ಚಿಕಿತ್ಸೆಯವರಲ್ಲಿ ಶೇ. 45. ಇಲ್ಲಿ ಆಮ್ಲದ ಹೊತ್ತೂ ಇಳಿಯಿತು, ಶೇ. 9.3ರಿಂದ 6.3ಕ್ಕೆ. ಪಿಎಚ್ 4ಕ್ಕಿಂತ ಕೆಳಗಿರುವ ಹೊತ್ತು ದಿನದ ಶೇ. 6 ಮೀರಿದರೆ ಕಾಯಿಲೆ ಎಂದು ಈಗಿನ ಒಪ್ಪಿತ ಮಿತಿ. ಅಂದ್ರೆ ಸುಧಾರಣೆ ನಿಜ, ಆದರೆ ಸರಾಸರಿ ರೋಗಿ ಇನ್ನೂ ಗೆರೆಯ ಆ ಕಡೆಗೇ.

ಹಂದಿ ಮಾತ್ರ ಹೇಳಬಲ್ಲದ್ದು

ಇಷ್ಟು ಓದಿ "ಹಾಗಾದ್ರೆ ಪ್ರಾಣಿ ಪ್ರಯೋಗವೇ ದಂಡ" ಅಂದುಕೊಂಡರೆ ಅದೂ ಅವಸರ. ಲಿಂಕ್ಸ್ ಎಂಬ ಉಂಗುರವನ್ನು ನೋಡಿ. ಟೈಟಾನಿಯಂ ಮಣಿಗಳ ಸರ, ಪ್ರತಿ ಮಣಿಯೊಳಗೆ ಆಯಸ್ಕಾಂತ. ಲ್ಯಾಪರೊಸ್ಕೋಪಿಯಲ್ಲಿ ಅನ್ನನಾಳದ ಸುತ್ತ ತೊಡಿಸುತ್ತಾರೆ. ಇದರ ಭೌತಶಾಸ್ತ್ರ ಸೊಗಸು. ರಬ್ಬರ್ ಬ್ಯಾಂಡ್ ಹಾಕಿದ್ದರೆ ಎಳೆದಷ್ಟೂ ಬಿಗಿ ಹೆಚ್ಚುತ್ತಿತ್ತು, ದೊಡ್ಡ ಮುದ್ದೆ ನುಂಗಿದರೆ ಸಿಕ್ಕಿಕೊಳ್ಳುತ್ತಿತ್ತು. ಆಯಸ್ಕಾಂತ ತದ್ವಿರುದ್ಧ, ದೂರವಾದಷ್ಟೂ ಸೆಳೆತ ಕಡಿಮೆ. ಮುಚ್ಚಿದಾಗ ಗಟ್ಟಿ, ಒಮ್ಮೆ ತೆರೆಯಲು ಶುರುವಾದರೆ ಸಲೀಸು.

ಆದರೆ ಭೌತಶಾಸ್ತ್ರ ಹೇಳದ ಪ್ರಶ್ನೆ: ಸದಾ ಅಲುಗುವ ಅನ್ನನಾಳದ ಮೇಲೆ ಲೋಹದ ಸರ ಉಜ್ಜುತ್ತಾ ಉಜ್ಜುತ್ತಾ ಒಳಕ್ಕೆ ಕೊರೆದುಕೊಂಡು ಹೋಗುವುದಿಲ್ಲವೇ? ಆ ಭಯಕ್ಕೆ ಆಧಾರವಿತ್ತು. 1979ರಲ್ಲಿ ಬಂದ ಆಂಜೆಲ್ಚಿಕ್ ಎಂಬ ಸಿಲಿಕೋನ್ ಉಂಗುರ ಹಲವರಲ್ಲಿ ಜಾರಿ, ಕೊರೆದು, ತೆಗೆಸಬೇಕಾದ ಸ್ಥಿತಿ ಬಂದಿತ್ತು. ಲಿಂಕ್ಸನ್ನು ಹಂದಿಗಳಿಗೆ ತೊಡಿಸಿ, ತಿಂಗಳುಗಳ ನಂತರ ಕೊಂದು, ಆ ಭಾಗವನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮಣಿಗಳ ಸುತ್ತ ನಾರಿನ ಕವಚ ಬೆಳೆದಿತ್ತು. ಕಂಪ್ಯೂಟರ್ ಸಿಮ್ಯುಲೇಶನ್ ಈ ಉತ್ತರ ಕೊಡುವುದಿಲ್ಲ, ಬದುಕಿರುವ ರೋಗಿಯ ಅನ್ನನಾಳವನ್ನು ಕತ್ತರಿಸಿ ನೋಡುವ ಹಾಗೂ ಇಲ್ಲ. 2012ರ ಮಾರ್ಚ್‌ನಲ್ಲಿ ಎಫ್‌ಡಿಎ ಲಿಂಕ್ಸಿಗೆ ಒಪ್ಪಿಗೆ ಕೊಟ್ಟಿತು, ಈಗಲೂ ಬಳಕೆಯಲ್ಲಿದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಬೇರೆ ಅಂಗದಲ್ಲಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತಾನ್ ನೇತೃತ್ವದಲ್ಲಿ ತಯಾರಾದ ಕೃತಕ ಹೃದಯ ಕವಾಟ. ಹಿಂದಿನ ಮಾದರಿಗಳನ್ನು ಒಂದೊಂದಾಗಿ ಕೈಬಿಟ್ಟು, ಕುರಿಗಳಲ್ಲಿ ಪರೀಕ್ಷಿಸಿ, ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ವಲಿಯತಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾದರು.

ಕಾನೂನು, ಬೋಟಿ, ಮತ್ತು ನಮ್ಮ ಲ್ಯಾಬು

ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರಯೋಗಗಳ ಮೇಲ್ವಿಚಾರಣೆಗೆ ಒಂದು ಕೇಂದ್ರ ಸಮಿತಿ ಇದೆ, 1998ರ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು, ಅದರಲ್ಲಿ ಪಶುವೈದ್ಯರು ಮತ್ತು ಹೊರಗಿನವರೂ ಕೂರಬೇಕು. ಇಲಿ, ಮೊಲದಂಥ ಸಣ್ಣ ಪ್ರಾಣಿಗಳಾದರೆ ಅಲ್ಲೇ ತೀರ್ಮಾನ, ಹಂದಿಯಂಥ ದೊಡ್ಡ ಪ್ರಾಣಿಯಾದರೆ ಕೇಂದ್ರ ಸಮಿತಿಯವರೆಗೂ ಹೋಗಬೇಕು. ಕಾಯ್ದೆಯ 17ನೇ ಕಲಂ, ಸಣ್ಣ ಪ್ರಾಣಿಗಳಲ್ಲಿ ಅದೇ ಫಲಿತಾಂಶ ಸಿಗುವುದಾದರೆ ದೊಡ್ಡವನ್ನು ಬಳಸಬೇಡಿ ಅನ್ನುತ್ತೆ. ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರದಿಂದ ಕಲಿಸಲು ಸಾಧ್ಯವಿದ್ದರೆ ಪ್ರಾಣಿ ಪ್ರಯೋಗವೇ ಬೇಡ ಅನ್ನುತ್ತೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಬದಲಿಸು, ಕಡಿಮೆ ಮಾಡು, ನೋವು ತಗ್ಗಿಸು ಎಂಬ ಮೂರು ಸೂತ್ರಗಳ ಜಾಡೇ ಇದು. (ನಮ್ಮ ರಸೆಲ್ ಮಾರ್ಕೆಟ್ಟಿಗೂ ಈ ರಸೆಲ್ಲಿಗೂ ಸಂಬಂಧ ಇಲ್ಲ, ಹುಡುಕಬೇಡಿ.)

"ಬದಲಿಸು" ಅನ್ನೋದಕ್ಕೆ ನಮ್ಮ ಕೈಗೆಟಕುವ ಒಂದು ದಾರಿ ಇದೆ. ಆಹಾರಕ್ಕೆಂದೇ ಕಡಿದ ಹಂದಿಯ ಜಠರ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 1990ರ ದಶಕದಲ್ಲೇ ಇಂಥ ಅಂಗಗಳನ್ನು ಟ್ರೇಯಲ್ಲಿ ಜೋಡಿಸಿ ವೈದ್ಯರಿಗೆ ಎಂಡೋಸ್ಕೋಪಿ ಕಲಿಸುವ ಪದ್ಧತಿ ಶುರುವಾಯಿತು. ಶಿವಾಜಿನಗರದಲ್ಲಿ ಹೆಜ್ಜೆಗೊಂದು ಮಟನ್ ಅಂಗಡಿ, ಬೋಟಿ ಧಾರಾಳವಾಗಿ ಸಿಗುತ್ತಲ್ಲ ಅಂತ ಕೇಳಬಹುದು. ಆಗಲ್ಲ. ಆಡು ಕುರಿ ಮೆಲುಕು ಹಾಕುವ ಪ್ರಾಣಿಗಳು, ನಾಲ್ಕು ಕೋಣೆಯ ಹೊಟ್ಟೆ, ತಿಂದದ್ದನ್ನು ವಾಪಸ್ ಬಾಯಿಗೆ ತರುವುದೇ ಅವುಗಳ ಕಸುಬು! ಹಂದಿಯ ಜಠರವೇ ಬೇಕು, ಅದೂ ಅನ್ನನಾಳ ನಾಲ್ಕು ಬೆರಳಷ್ಟಾದರೂ ಉಳಿಸಿ ಕತ್ತರಿಸಿದ್ದು. ಮಾಂಸದ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು, ಇಲ್ಲದಿದ್ದರೆ ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿಬಿಡುತ್ತಾರೆ. ಹಂದಿ ಮಾಂಸ ಮುಟ್ಟದ ಸಹಪಾಠಿಗಳು ನಮ್ಮಲ್ಲಿದ್ದಾರೆ. ಅವರನ್ನು ಮೊದಲೇ ಕೇಳಿ, ಡೇಟಾ ಕೆಲಸ ಹಂಚಿಕೊಳ್ಳಿ. ಗ್ಲೌಸ್, ತ್ಯಾಜ್ಯ ವಿಲೇವಾರಿ ಮತ್ತು ವಿಭಾಗದ ಲಿಖಿತ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ.

ಸೆಟಪ್ಪು ಸರಳ. ಜಠರದ ಹೊರದಾರಿಗೆ ಟ್ಯೂಬ್ ಕಟ್ಟಿ, ಅದನ್ನು ಸ್ಟ್ಯಾಂಡಿನ ಮೇಲಿನ ನೀರಿನ ಪಾತ್ರೆಗೆ ಜೋಡಿಸಿ, ಪಾತ್ರೆಯನ್ನು ಸ್ವಲ್ಪ ಸ್ವಲ್ಪ ಎತ್ತುತ್ತಾ ಹೋಗುವುದು. 1 ಎಂಎಂ ಪಾದರಸ ಅಂದ್ರೆ 1.36 ಸೆಂ.ಮೀ. ನೀರು. ಹಾಗಾಗಿ 10 ಎಂಎಂಗೆ 13.6 ಸೆಂ.ಮೀ., 30 ಎಂಎಂಗೆ ಸುಮಾರು 41 ಸೆಂ.ಮೀ. ಒಂದು ಉದ್ದ ಸ್ಕೇಲು ಸಾಕು. ಕಡಿದ ಜಠರದಲ್ಲಿ ಸ್ನಾಯುವಿನ ಬಿಗಿತ ಇರುವುದಿಲ್ಲ, ವಪೆ ಇಲ್ಲ, ನರ ಇಲ್ಲ. ಹಾಗಾದರೆ ಅಳೆಯೋಕೆ ಏನು ಉಳಿಯಿತು? ಮಡಿಕೆ ಕವಾಟ. ಲೂಸಿಯಸ್ ಹಿಲ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದು ಇದನ್ನೇ: ಮೃತ ದೇಹಗಳಲ್ಲೂ, ಸ್ನಾಯುವಿನ ಬಿಗಿತ ಪೂರ್ತಿ ಹೋದ ಮೇಲೂ, ಬರೀ ಆಕಾರದ ಬಲದಿಂದ ಸ್ವಲ್ಪ ಒತ್ತಡ ತಡೆಯುತ್ತೆ. ಜಠರ ಉಬ್ಬಿದಂತೆ ಬಲೂನಿನ ಕತ್ತು ಗಿಡ್ಡವಾಗುವ ಹಾಗೆ ಆ ಮಡಿಕೆ ಬಿಚ್ಚಿಕೊಳ್ಳುತ್ತೆ. ಎರಡು ಹೊಲಿಗೆ ಹಾಕಿ ಮಡಿಕೆಯನ್ನು ಉದ್ದ ಮಾಡಿದರೆ ಎತ್ತರ ಎಷ್ಟು ಸೆಂಟಿಮೀಟರ್ ಬದಲಾಗುತ್ತೆ ಅಂತ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು.

ವರದಿ ಬರೆಯುವಾಗ ಶೀರ್ಷಿಕೆಯಲ್ಲಿ "ಆಸಿಡಿಟಿಗೆ ಪರಿಹಾರ" ಅಂತ ಹಾಕಬೇಡಿ. "ಕಡಿದ ಹಂದಿ ಜಠರದಲ್ಲಿ ಮಡಿಕೆಯ ಉದ್ದ ಮತ್ತು ಯೀಲ್ಡ್ ಎತ್ತರ" ಅಂತ ಹಾಕಿ, ಎಷ್ಟು ಜಠರ ಬಳಸಿದಿರಿ ಅನ್ನೋದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಜಠರವನ್ನು ತಂದ ದಿನವೇ ಬಳಸಿ. ಫ್ರೀಜರಿನಲ್ಲಿಟ್ಟು ಕರಗಿಸಿದರೆ ಗೋಡೆಯ ಗುಣ ಬದಲಾಗಿ ಅಳತೆಗಳು ತಾಳೆಯಾಗುವುದಿಲ್ಲ.